ಒಂದೂವರೆ ಅಡಿ ಸರಿದ ಯಂತ್ರ

ಹೊಳೆಯಪ್ಪನಿಗೆ ಒಂದೆಡೆ ಕೂರುವ ಸ್ವಭಾವ ಮೊದಲೇ ಇಲ್ಲ. ಆ ಮೂರು ವಾರವಂತೂ ಅನ್ನ ಸೇರಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇಲೂರು ಕೈಗಾರಿಕಾ ಪ್ರದೇಶದ ಶಾಂತಯ್ಯನವರ ಕಾರ್ಖಾನೆಯಲ್ಲಿ ಅವನು ನಡೆಸುತ್ತಿದ್ದ, ಲೋಹ ಕೊರೆಯುವ ವಿದೇಶಿ ಯಂತ್ರ ಸತ್ತಂತೆ ನಿಂತಿತ್ತು, ಅವನು ಅದರ ಸುತ್ತ ತಿರುಗುತ್ತಿದ್ದ. ತಿರುಗಲು ಜಾಗ ಮಾಡಿದವನೂ ಅವನೇ. ತಂಟೆ ಶುರುವಾದದ್ದೇ ಅಲ್ಲಿಂದ.

ಹತ್ತಿರದ ಗರಗ ಊರಿನಿಂದ ಇಪ್ಪತ್ತರ ಪ್ರಾಯದಲ್ಲಿ ಬಂದು ಕಬ್ಬಿಣ ಕಡೆಯುವ ಹಳೇ ಲೇತಿನ ಮುಂದೆ ನಿಂತವನು ಅವನು. ಆ ಲೇತು ನಾಲ್ಕು ಮಾಲೀಕರನ್ನು ಕಂಡಿತ್ತು. ಟೆಂಪೊದಲ್ಲಿ ಹೇರಿ ಎಲ್ಲಿಗೆ ಒಯ್ದರೂ ಯಾರೂ ಯಾಕೆಂದು ಕೇಳಿರಲಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಪ್ರತಿ ಯಂತ್ರಕ್ಕೂ ಅದನ್ನು ನಡೆಸುವವನೇ ಪೂಜೆ ಮಾಡಿ ಮೂರು ಸುತ್ತು ಹಾಕುವುದು ಅಲ್ಲಿಯ ರೂಢಿ. ಈ ವರ್ಷ ಬಂದ ಹೊಸ ವಿದೇಶಿ ಯಂತ್ರದ ಬೆನ್ನು ಗೋಡೆಗೆ ಅಂಟಿತ್ತು. ಮುಂದೆಯೇ ನಿಂತು ಕೈ ಮುಗಿದರೆ ಆಗುತ್ತಿತ್ತು, ಆದರೆ ಹೊಳೆಯಪ್ಪ ಅಷ್ಟಕ್ಕೇ ಮುಗಿಸುವ ಪೈಕಿ ಅಲ್ಲ. ಹಬ್ಬದ ಹಿಂದಿನ ದಿನ ಕರೆಂಟ್ ತೆಗೆಸಿ, ಜಾಕ್ ಹಚ್ಚಿ, ಕೆಳಗೆ ಉರುಳಲು ಪೈಪು ಕೊಟ್ಟು ನಾಲ್ಕು ಜನರಿಂದ ಒಂದೂವರೆ ಅಡಿ ಮುಂದಕ್ಕೆ ಸರಿಸಿದ. ಮಟ್ಟ ಹಿಡಿದು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮರುದಿನ ಮೂರು ಸುತ್ತು ಹಾಕಿ, ಬೆನ್ನಿಗೂ ಕುಂಕುಮ ಹಚ್ಚಿ ಕಾಯಿ ಒಡೆದ.

ಹಬ್ಬ ಮುಗಿಸಿ ಬಂದು ಗುಂಡಿ ಒತ್ತಿದರೆ ಪರದೆಯ ತುಂಬ ಕೆಂಪು ಅಕ್ಷರ. ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಭಾಗ್ಯಶ್ರೀ ಓದಿ ಹೇಳಿದಳು. "ಕಾಕಾ, ಜಾಗಾ ಬದಲಾಗೇತಿ ಅಂತ ತೋರಸಾಕತ್ತೇತಿ. ಕಂಪನಿಯವರು ಬೀಗಾ ತೆಗಿಯೋತನಕ ಚಾಲೂ ಆಗಂಗಿಲ್ಲಂತ."

ಯಂತ್ರದ ಹೊಟ್ಟೆಯಲ್ಲಿ ಕರೆಂಟ್ ಇಲ್ಲದಾಗಲೂ ಅಲುಗಾಟ ಗುರುತಿಸುವ ಡಬ್ಬಿಯೊಂದಿತ್ತು. ಪಂಪಿನ ಭಾಗ ಕೊರೆಯುವ ಯಂತ್ರ ಕ್ಷಿಪಣಿಯ ಭಾಗವನ್ನೂ ಕೊರೆಯಬಲ್ಲದು, ಯಾರಾದರೂ ಅದನ್ನು ಬೇಡದ ದೇಶಕ್ಕೆ ಸಾಗಿಸಿಬಿಟ್ಟರೆ ಎಂದು ಮಾರಿದ ದೇಶಕ್ಕೆ ಹೆದರಿಕೆ. ಹೆದರಿಕೆ ಸುಳ್ಳಲ್ಲ. ಆದರೆ ಗಡಿ ದಾಟಿದ ಯಂತ್ರಕ್ಕೂ ಕುಂಕುಮಕ್ಕಾಗಿ ಗೋಡೆ ಬಿಟ್ಟ ಯಂತ್ರಕ್ಕೂ ಒಂದೇ ಬೀಗ ಹಾಕುವ ಕಾಯ್ದೆಯನ್ನು ಜಾಣತನ ಅನ್ನಲಾದೀತೇ? ಯಂತ್ರ ಕೂರಿಸಿದ ದಿನ, ಕಂಪನಿಯನ್ನು ಕೇಳದೆ ಸರಿಸುವುದಿಲ್ಲವೆಂಬ ಕಾಗದಕ್ಕೆ ಹೊಳೆಯಪ್ಪನೇ ಸಹಿ ಹಾಕಿದ್ದ, ಸಾಮಾನು ಮುಟ್ಟಿದ ರಸೀದಿ ಎಂದುಕೊಂಡು.

ಕಂಪನಿಯಿಂದ ಪ್ರಶ್ನೆ ಬಂತು: ಸರಿಸಿದವರು ಯಾರು, ಯಾಕೆ?

"ನೆಲ ಕುಸಿದಿತ್ತು ಅಂತ ಬರಿ ಹೊಳೆಯಪ್ಪ," ಎಂದರು ಶಾಂತಯ್ಯ. "ಪೂಜಿ ಅಂದ್ರ ಯಾರ ನಂಬತಾರ? ಯಂತ್ರ ನಡಸವರ ಪಟ್ಟಿಯಿಂದ ನಿನ್ನ ಹೆಸರ ತೆಗೆದು ಒಗೀತಾರ. ಮುಂದಿನ ಸಲ ಈ ಬೀಗಾ ಇಲ್ಲದ ದೇಶದ್ದ ತರೂಣು. ಈಗ ಅಂಥಾವೂ ಬಂದಾವು."

ಕಂಪನಿಯ ಪ್ರಶ್ನೆಯ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಹೊಳೆಯಪ್ಪ ಎರಡು ದಿನ ಕಾರ್ಖಾನೆಯನ್ನು ಕಾಲಲ್ಲೇ ಅಳೆದ. ಐವತ್ತಾರನೆಯ ವಯಸ್ಸಿಗೆ ಈ ಯಂತ್ರ ಕಲಿಯಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಪಟ್ಟಿಯಿಂದ ಹೆಸರು ಹೋದರೆ ಆ ಕಲಿಕೆಯೂ ಹೋದಂತೆಯೇ. ಮೂರನೆಯ ದಿನ ಮಾಲೀಕರ ಮುಂದೆ ನಿಂತ.

"ನೆಲ ಕುಸಿದಿಲ್ಲಲ್ರಿ. ಅವರು ಬಂದು ನೋಡಿದ್ರ ಈ ಬೀಗಾ ಎಂದೂ ತೆಗಿಯಂಗಿಲ್ಲ. ನನ್ನ ಸುಳ್ಳಿಗೆ ಯಂತ್ರ ಯಾಕ ಸಾಯಬೇಕ್ರಿ?"

ಇದ್ದದ್ದನ್ನು ಇದ್ದ ಹಾಗೆ ಬರೆದ. ಭಾಗ್ಯಶ್ರೀ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು.

ಮುಂದಿನ ವಾರ ಕಂಪನಿಯ ಮನುಷ್ಯ ಬಂದು ನೆಲ ನೋಡಿದ, ಅಳತೆ ಹಿಡಿದ, ಯಂತ್ರದ ಬೆನ್ನಿನ ಮೇಲೆ ಒಣಗಿದ ಕುಂಕುಮದ ಫೋಟೊ ತೆಗೆದ. ಬೀಗ ತೆಗೆದು, ಯಂತ್ರ ಇದ್ದಲ್ಲೇ ಇರಲಿ ಎಂದ. ಮಾತು ಮುರಿದವನು ಮಾತ್ರ ಇನ್ನು ಅದನ್ನು ಮುಟ್ಟುವಂತಿಲ್ಲ. ಪಟ್ಟಿಯಲ್ಲಿ ಹೊಳೆಯಪ್ಪನ ಹೆಸರು ಹೊಡೆದು ಭಾಗ್ಯಶ್ರೀಯ ಹೆಸರು ಬರೆದು, ಪಟ್ಟಿಯಲ್ಲಿಲ್ಲದವರು ದಾಟದಂತೆ ಯಂತ್ರದ ಸುತ್ತ ಹಳದಿ ಗೆರೆ ಎಳೆಸಿ ಹೋದ.

ಭಾಗ್ಯಶ್ರೀ ಗುಂಡಿ ಒತ್ತಿದಳು. ಹೊಳೆಯಪ್ಪ ಗೆರೆಯ ಆಚೆ ಅತ್ತಿಂದಿತ್ತ ತಿರುಗುತ್ತಿದ್ದ. ಸ್ವಲ್ಪ ಹೊತ್ತಿಗೆ ನಿಂತು, ಯಂತ್ರದ ಸದ್ದು ಕೇಳಲು ತಲೆ ಓರೆ ಮಾಡಿದ.

"ಟೂಲ್ ಮೊಂಡ ಆಗಾಕತ್ತೇತಿ ನೋಡವಾ, ನಿಲ್ಲಸು."

ಅವಳು ನಿಲ್ಲಿಸಿ, ಲೋಹ ಕೊರೆಯುವ ಆ ಟೂಲು ತೆಗೆದಳು. ಅಂಚು ಸವೆದಿತ್ತು. ರೂಢಿಯಂತೆ ಅವನಿಗೆ ತೋರಿಸಲು ಗೆರೆಯವರೆಗೆ ಬಂದು ಕೈ ಚಾಚಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.