ಕ್ಯಾಸೆಟ್ಟಿನಲ್ಲಿ ನಿಂತ ಉಸಿರು

ಬಂಗುಡೆ ಕೊಯ್ಯುತ್ತಾ ಕೂತಲ್ಲೇ ನನಗೆ ನಿದ್ದೆ ಬಂತು. ಎಚ್ಚರಾಗುವಾಗ ಬೆಕ್ಕು ಎರಡು ಮೀನು ಎಳೆದುಕೊಂಡು ಹೋಗಿತ್ತು. ಅತ್ತೆ ನನ್ನನ್ನೇ ನೋಡುತ್ತಾ ನಿಂತಿದ್ದರು.

ಆಗ ನನಗೆ ಏಳು ತಿಂಗಳು. ಗಂಡ ದುಬೈಯಲ್ಲಿ. ಕಾಪುವಿನ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು, ಬಾಯಿ ಒಣಗಿರುತ್ತಿತ್ತು. ಕಾರ್ಕಳದ ತವರಿನಿಂದ ನೋಡಲು ಬಂದ ನನ್ನ ಉಮ್ಮ, "ಬಸುರಿಗೆ ನಿದ್ದೆ ಜಾಸ್ತಿಯೇ ಅಲ್ವಾ" ಎಂದು ನಕ್ಕರು. ಅತ್ತೆ ನಗಲಿಲ್ಲ.

ಅವರು ಕೊಡುವ ಹಾಲಿನ ಮೇಲೆ ನನಗೆ ಸಂಶಯ ಬಂತು. ಎಂತದೋ ಬೆರೆಸುತ್ತಿದ್ದಾರೆ. ನಾನು ಸೋಮಾರಿ ಎಂದು ಮಗನಿಗೆ ತೋರಿಸಬೇಕಲ್ಲ! ನಾಲ್ಕು ದಿನ ಹಾಲನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ. ನಿದ್ದೆ ಬಿಡಲಿಲ್ಲ, ಸಂಶಯವೂ ಬಿಡಲಿಲ್ಲ.

ನಮ್ಮ ಕಡೆ ಗಲ್ಫಿಗೆ ಕಾಗದದ ಬದಲು ಕ್ಯಾಸೆಟ್ ಕಳಿಸುವುದುಂಟು. ರಜೆಗೆ ಬಂದವರು ವಾಪಸು ಹೋಗುವಾಗ ಅವರ ಕೈಯಲ್ಲಿ ಕೊಡುವುದು. ಒಂದು ಮಧ್ಯಾಹ್ನ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಪಕ್ಕದಲ್ಲೇ ಒರಗಿ, "ನಾನು ಚೆನ್ನಾಗಿದ್ದೇನೆ, ನೀವು..." ಎಂದೆ. ಅಷ್ಟೇ ನೆನಪು.

ಎದ್ದಾಗ ಕ್ಯಾಸೆಟ್ ಇಲ್ಲ.

"ಮಾಮಿ, ಕ್ಯಾಸೆಟ್ ಎಲ್ಲಿ?" ಅತ್ತೆಯನ್ನು ಕೇಳಿದೆ.

"ನನ್ನ ಹತ್ತಿರ ಉಂಟು. ನಾಳೆ ಮಣಿಪಾಲಕ್ಕೆ ಹೋಗಲಿಕ್ಕುಂಟು, ಬೇಗ ಹೊರಡು."

ಓಹೋ, ಡಾಕ್ಟರ ಬಾಯಲ್ಲೇ 'ಇವಳಿಗೆ ರೋಗ ಇಲ್ಲ' ಎಂದು ಹೇಳಿಸಲಿಕ್ಕೆ! ಆಮೇಲೆ ಕ್ಯಾಸೆಟ್ಟಿನಲ್ಲಿರುವ ನನ್ನ ಗೊರಕೆ ದುಬೈಗೆ ಹೋಗುತ್ತದೆ. ಬಸ್ಸಿನಲ್ಲಿ ಅವರ ಪಕ್ಕ ಕೂರಲಿಕ್ಕೂ ನನಗೆ ಮನಸ್ಸಿರಲಿಲ್ಲ.

ಡಾಕ್ಟರ ಮೇಜಿನ ಮೇಲೆ ಅತ್ತೆ ಟೇಪ್ ರೆಕಾರ್ಡರ್ ಇಟ್ಟರು. "ಇದನ್ನು ಕೇಳಿ ಡಾಕ್ಟ್ರೇ. ನನ್ನ ಮಾತನ್ನು ಇವಳು ನಂಬುವುದಿಲ್ಲ."

ನನ್ನ ಸ್ವರ. ಆಮೇಲೆ ಗೊರಕೆ. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಗೊರಕೆ ನಿಂತಿತು.

ಟೇಪ್ ತಿರುಗುತ್ತಲೇ ಇತ್ತು. ಡಾಕ್ಟರು ವಾಚು ನೋಡಿದರು. ತುಂಬ ಹೊತ್ತಿನ ಮೇಲೆ, ನೀರಿನಲ್ಲಿ ಮುಳುಗಿದವಳು ಮೇಲೆ ಬಂದ ಹಾಗೆ ಒಂದು ಏದುಸಿರು. ಮತ್ತೆ ಗೊರಕೆ. ಮತ್ತೆ ಏನೂ ಇಲ್ಲ.

"ಸ್ಲೀಪ್ ಆಪ್ನಿಯಾ," ಎಂದರು ಡಾಕ್ಟರು, ನನ್ನ ಬಿ.ಪಿ. ನೋಡಿದ ಮೇಲೆ. "ನಿದ್ದೆಯಲ್ಲಿ ಉಸಿರು ನಿಲ್ಲುತ್ತಾ ಉಂಟು. ಬಿ.ಪಿ. ಕೂಡ ಜಾಸ್ತಿ. ನಿಮಗೆ ಆಕ್ಸಿಜನ್ ಕಡಿಮೆಯಾದರೆ ಮಗುವಿಗೂ ಕಡಿಮೆ. ಇವತ್ತೇ ಅಡ್ಮಿಟ್ ಆಗಿ."

ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಇಷ್ಟು ದಿನ ನಾನು ಹಾಲು ಕೊಡುವ ಅತ್ತೆಯ ಕೈಯನ್ನು ಸಂಶಯದಿಂದ ನೋಡುತ್ತಿದ್ದೆ, ನನ್ನ ಮಗು ಉಸಿರಿಗೆ ಕಾಯುತ್ತಿತ್ತು.

ವಾರ್ಡಿನಲ್ಲಿ ಮಂಚದ ತಲೆಭಾಗ ಎತ್ತರಿಸಿದರು, ಎಡಮಗ್ಗುಲಲ್ಲೇ ಮಲಗಬೇಕೆಂದರು. ನಾನು ಕಣ್ಣು ಮುಚ್ಚಿದರೆ ಅತ್ತೆ ಸ್ಟೂಲಿನ ಮೇಲೆ ಕೂತು ಕಾಯುವರು. ಉಸಿರು ನಿಂತರೆ ಭುಜ ಹಿಡಿದು ಅಲುಗಾಡಿಸುವರು.

"ಮೊದಲೇ ಹೇಳಬಾರದಿತ್ತಾ ಮಾಮಿ?"

"ನಾನು ಕೊಟ್ಟ ಹಾಲನ್ನೇ ತೆಂಗಿಗೆ ಹಾಕಿದವಳು ನೀನು. ಹೇಳಿದರೆ ಕೇಳುತ್ತಿದ್ದೆಯಾ?"

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಮೂಗು ಕಟ್ಟಿದರೆ ಉಸಿರು ಇನ್ನೂ ಕಷ್ಟ ಎಂದು ಗದರಿದರು.

ದಿನ ತುಂಬುವ ಮೊದಲೇ ಸಿಸೇರಿಯನ್ ಆಯಿತು. ಹೆಣ್ಣು. ಸಣ್ಣದು, ಆದರೆ ಅತ್ತದ್ದು ಮಾತ್ರ ಇಡೀ ವಾರ್ಡಿಗೆ ಕೇಳಿತು.

ಮನೆಗೆ ಬಂದು ಹದಿನೈದು ದಿನವಾಯಿತು. ಬಿ.ಪಿ. ಇಳಿದಿದೆ. ಪೂರ್ತಿ ಗುಣವಾಯಿತೆಂದು ಡಾಕ್ಟರೂ ಹೇಳಿಲ್ಲ, ನಾನೂ ನಂಬಿಲ್ಲ. ಮಗು ಮಲಗಿದರೆ ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳು ಇಡುತ್ತೇನೆ. ಇವತ್ತು ಅತ್ತೆ ನನ್ನ ಕೈ ಸರಿಸಿದರು.

"ನೀನು ಮಲಗು. ಮಗುವಿನ ಉಸಿರು ನಾನು ನೋಡುತ್ತೇನೆ. ನಿನ್ನದನ್ನೂ."

ನಾನು ಕಣ್ಣು ಮುಚ್ಚಿದೆ.