ಸರ್ವಮಂಗಳಳ ಹೆಸರಿಗೆ ಬಂದ ನಾಯಿ

ಕ್ಯಾತ್ಸಂದ್ರದ ಒಂದು ಅಡ್ಡರಸ್ತೆಯಲ್ಲಿ ಸರ್ವಮಂಗಳ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬ್ಲೌಸ್ ಹೊಲಿಯುತ್ತಿದ್ದಾಳೆ. ತವರು ಗುಬ್ಬಿ. ಗಂಡ ಚನ್ನವೀರಯ್ಯನಿಗೆ ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸ. ಹೊಲಿಗೆ ಮೆಷಿನ್ನನ್ನು ಕಿಟಕಿಯ ಪಕ್ಕಕ್ಕೆ ಹಾಕಿಕೊಂಡಿದ್ದರಿಂದ ಬೀದಿಗೆ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೂ ಒಬ್ಬರ ವಿಷಯವನ್ನು ಇನ್ನೊಬ್ಬರ ಹತ್ತಿರ ಆಡಿದವಳಲ್ಲ. ಅದಕ್ಕೇ ಏನೋ, ಅವಳು ಒಂದು ಮಾತು ಹೇಳಿದರೆ ಆ ಬೀದಿಯಲ್ಲಿ ಯಾರೂ ಮತ್ತೆ ವಿಚಾರಿಸುತ್ತಿರಲಿಲ್ಲ.

ಎದುರು ಮನೆಗೆ ಮಾಲಿನಿ ಬಂದ ಮೇಲೆ ಸರ್ವಮಂಗಳಳಿಗೆ ತಂಗಿಯೊಬ್ಬಳು ಸಿಕ್ಕ ಹಾಗಾಗಿತ್ತು. ಮಾಲಿನಿಯ ಗಂಡ ಗುರುಪ್ರಕಾಶ್ ಕುಣಿಗಲ್‌ನ ಕಾಲೇಜೊಂದರಲ್ಲಿ ಲೆಕ್ಚರರ್, ದಿನಾ ಕಾರಿನಲ್ಲಿ ಓಡಾಟ. ಮಾಲಿನಿಗೆ ಆಪರೇಷನ್ ಆದಾಗ ತಿಂಗಳುಗಟ್ಟಲೆ ಸಾರು, ಪಲ್ಯ ಹೋಗಿದ್ದು ಸರ್ವಮಂಗಳಳ ಒಲೆಯಿಂದಲೇ. ಅವರು ಬ್ರೂನೋ ಎಂಬ ನಾಯಿಮರಿ ತಂದಾಗಲೂ ಅಷ್ಟೇ. ನಾಯಿ ಎಂದರೆ ಮಾರು ದೂರ ನಿಲ್ಲುತ್ತಿದ್ದ ಸರ್ವಮಂಗಳ, ಅವರು ಊರಿಗೆ ಹೋದಾಗಲೆಲ್ಲ ಗೇಟಿನ ಬೀಗದ ಕೈ ಇಟ್ಟುಕೊಂಡು ಅದಕ್ಕೆ ಅನ್ನ ಹಾಲು ಕಲಸಿಟ್ಟು ಬರುತ್ತಿದ್ದಳು.

ಹೋದ ವರ್ಷ ಪಾಲಿಕೆಯ ಆಟೋ ಮೈಕ್ ಕಟ್ಟಿಕೊಂಡು ಬೀದಿಯಲ್ಲಿ ಕೂಗಿಕೊಂಡು ಹೋಯಿತು. ಸಾಕುನಾಯಿಗಳಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಬೇಕು, ಲೈಸೆನ್ಸ್ ಮಾಡಿಸಬೇಕು, ಬೀದಿಗೆ ಬಿಡಬಾರದು, ಪಶು ಆಸ್ಪತ್ರೆಯಲ್ಲಿ ಕ್ಯಾಂಪ್ ಇದೆ. ಸರ್ವಮಂಗಳ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದುರು ಮನೆಗೆ ಹೋಗಿ ಹೇಳಿದಳು.

"ನಮ್ಮದಕ್ಕೆ ಆ ಕ್ಯಾಂಪೆಲ್ಲ ಯಾಕಕ್ಕ. ಪ್ರೈವೇಟ್ ಡಾಕ್ಟ್ರ ಹತ್ರ ವರ್ಷಾ ವರ್ಷಾ ಹಾಕಿಸ್ತೀವಲ್ಲ," ಎಂದಳು ಮಾಲಿನಿ.

ಅಷ್ಟು ಸಾಕಾಯಿತು. ಅಂದಿನಿಂದ ಯಾರಾದರೂ ಆ ಗೇಟಿನ ಮುಂದೆ ಹೆದರಿ ನಿಂತರೆ ಸರ್ವಮಂಗಳ ಕಿಟಕಿಯಿಂದಲೇ ಹೇಳುವಳು: "ಬನ್ನಿ, ಏನೂ ಮಾಡಲ್ಲ. ಅದಕ್ಕೆ ಇಂಜೆಕ್ಷನ್ ಎಲ್ಲಾ ಆಗಿದೆ." ಬೆಳ್ಳಾವಿಯಿಂದ ಬೆಳಗಿನ ಬಸ್ಸಿಗೆ ಸೊಪ್ಪು ತರುತ್ತಿದ್ದ ತಿಪ್ಪಮ್ಮನಿಗೂ ಹಾಗೇ ಹೇಳಿದ್ದಳು. ತಿಪ್ಪಮ್ಮ ಮೊದಮೊದಲು ಬೀದಿಯ ಆ ತುದಿಯಲ್ಲೇ ನಿಂತು ಕೂಗುತ್ತಿದ್ದವಳು. ಈ ಮಾತು ಕೇಳಿದ ಮೇಲೆ ಧೈರ್ಯವಾಗಿ ಮಾಲಿನಿಯ ಗೇಟಿನ ಪಕ್ಕದ ನೆರಳಲ್ಲೇ ಬುಟ್ಟಿ ಇಳಿಸತೊಡಗಿದಳು.

ಒಂದು ಸೋಮವಾರ ಗುರುಪ್ರಕಾಶ್ ಕಾರು ತೆಗೆದವನು ಗೇಟು ಹಾಕಲಿಲ್ಲ. ತಿಪ್ಪಮ್ಮ ಬುಟ್ಟಿ ಇಳಿಸಲು ಬಗ್ಗಿದ್ದಳು. ಬ್ರೂನೋ ಒಂದೇ ನೆಗೆತಕ್ಕೆ ಬಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು.

ಸರ್ವಮಂಗಳ ಓಡಿದಳು. ನಾಯಿಯ ಕತ್ತುಪಟ್ಟಿ ಹಿಡಿದೆಳೆದು ಗೇಟಿನೊಳಗೆ ನೂಕಿ ಚಿಲಕ ಹಾಕಿದಳು. ತಿಪ್ಪಮ್ಮನನ್ನು ತನ್ನ ಮನೆಯ ನಲ್ಲಿಯ ಕೆಳಗೆ ಕೂರಿಸಿ ಸೋಪು ಹಾಕಿ ಗಾಯ ತೊಳೆದಳು.

"ಒಸಿ ಅರಿಸಿನ ಹಚ್ಚಿ ಬುಡವ್ವ, ಸಾಕು," ಎಂದಳು ತಿಪ್ಪಮ್ಮ. "ಅದಕ್ಕೆ ಇಂಜೆಕ್ಸನ್ ಆಗೈತೆ ಅಂದಿದ್ರಲ್ಲ."

"ಆಗಿದೆ ತಿಪ್ಪಮ್ಮ. ಆದ್ರೂ ನಡಿ, ತೋರ್ಸೋಣ."

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, ನಾಯಿಗೆ ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡವರು ಹಾಕಿಸಿಕೊಳ್ಳಲೇಬೇಕು ಎಂದು ಇಂಜೆಕ್ಷನ್ ಶುರು ಮಾಡಿದರು. ಉಳಿದವನ್ನು ತಪ್ಪಿಸಬಾರದು ಎಂದರು. ಆಮೇಲೆ ಸರ್ವಮಂಗಳಳ ಕಡೆ ತಿರುಗಿ, "ಹತ್ತು ದಿನ ಆ ನಾಯಿನ ಕಟ್ಟಿ ಹಾಕಿ, ಕಣ್ಣೆದುರಿಗೇ ಇಟ್ಕೊಂಡಿರಿ. ರೋಗ ಇದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ. ಅದರ ಲಸಿಕೆ ಕಾರ್ಡ್ ಇದ್ರೆ ನಾಳೆ ತನ್ನಿ," ಎಂದರು.

ಸಂಜೆ ಕಾರ್ಡ್ ಕೇಳಲು ಹೋದಾಗ ಮಾಲಿನಿ ಕಾಫಿ ಕೊಟ್ಟಳು, ತಿಪ್ಪಮ್ಮನ ಕಾಲು ಹೇಗಿದೆ ಎಂದು ಎರಡೆರಡು ಸಲ ವಿಚಾರಿಸಿದಳು. ಕಾರ್ಡ್ ಮಾತ್ರ ತರಲಿಲ್ಲ. ಕೊನೆಗೆ ಸೆರಗಿನ ತುದಿ ಸುತ್ತುತ್ತಾ, "ಮರಿ ಇದ್ದಾಗ ಒಂದ್ಸಲ ಹಾಕ್ಸಿದ್ವಿ ಅಕ್ಕ. ಆಮೇಲೆ ಇವ್ರಿಗೆ ಟೈಮೇ ಆಗ್ಲಿಲ್ಲ," ಎಂದಳು.

ಸರ್ವಮಂಗಳ ಕಾಫಿ ಲೋಟ ಕೆಳಗಿಟ್ಟಳು. "ವರ್ಷಾ ವರ್ಷಾ ಅಂದಿದ್ಯಲ್ಲ ಮಾಲಿನಿ."

"ಏನೋ ಬಾಯಿಗೆ ಬಂತು, ಅಂದೆ. ಅದನ್ನ ನೀವು ಊರಿಗೆಲ್ಲಾ ಹೇಳ್ತೀರ ಅಂತ ನಂಗೇನು ಗೊತ್ತು."

ಒಳಗಿನಿಂದ ಗುರುಪ್ರಕಾಶ್ ಬಂದ. "ತಲೆ ಕೆಡಿಸ್ಕೋಬೇಡಿ. ನಾಳೆ ಹೋಗ್ತಾ ಅದನ್ನ ಕುಣಿಗಲ್ ಕೆರೆ ಹತ್ರ ಬಿಟ್ಟು ಬರ್ತೀನಿ. ನಾಯಿನೇ ಇಲ್ಲ ಅಂದ್ಮೇಲೆ ಗಲಾಟೆ ಎಲ್ಲಿಂದ ಬರುತ್ತೆ."

"ಹಾಗ್ ಮಾಡ್ಬೇಡಿ. ಹತ್ತು ದಿನ ಅದು ಕಣ್ಣೆದುರಿಗೆ ಇರ್ಬೇಕಂತೆ. ಆ ಹೆಂಗಸಿನ ಜೀವದ ವಿಷಯ."

ಮಾಲಿನಿ ಅವಳ ಕೈ ಹಿಡಿದುಕೊಂಡಳು. "ಬಿಡಲ್ಲ ಅಕ್ಕ. ನಾನಿದೀನಲ್ಲ, ಕಟ್ಟಿ ಹಾಕ್ತೀನಿ." ಸರ್ವಮಂಗಳ ಆ ಮಾತನ್ನೂ ನಂಬಿ ಮನೆಗೆ ಬಂದಳು.

ಆಸ್ಪತ್ರೆಯಿಂದ ಸುದ್ದಿ ಹೋಗಿ ಮಾರನೆಯ ಬೆಳಿಗ್ಗೆ ಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರ್ ಬೈಕಿನಲ್ಲಿ ಬಂದರು. ಬ್ರೂನೋ ಗೇಟಿನ ಹೊರಗೆ ಮಲಗಿತ್ತು. ಕತ್ತಿನಲ್ಲಿ ಪಟ್ಟಿ ಇರಲಿಲ್ಲ. ಪಟ್ಟಿ ಇದ್ದ ಜಾಗದಲ್ಲಿ ಕೂದಲು ತಗ್ಗಾಗಿ ಸುತ್ತಲೂ ಗೆರೆ ಕಾಣುತ್ತಿತ್ತು. ಗುರುಪ್ರಕಾಶ್ ಕಾರಿನ ಪಕ್ಕ ಫೋನ್ ನೋಡುತ್ತಾ ನಿಂತಿದ್ದ. ಆಚೀಚೆ ಮನೆಯವರೂ ಬಾಗಿಲಿಗೆ ಬಂದರು.

"ಇದು ಯಾರ ನಾಯಿ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮದಲ್ಲ ಸಾರ್," ಎಂದಳು ಮಾಲಿನಿ. "ಬೀದಿ ನಾಯಿ. ಎದುರು ಮನೆ ಸರ್ವಮಂಗಳ ಅವರು ಅನ್ನ ಹಾಕಿ ಹಾಕಿ ಇಲ್ಲೇ ಅಭ್ಯಾಸ ಮಾಡಿಸಿದಾರೆ. ಇಂಜೆಕ್ಷನ್ ಆಗಿದೆ ಅಂತ ಎಲ್ಲರಿಗೂ ಹೇಳಿದ್ದೂ ಅವರೇ. ಬೇಕಾದ್ರೆ ಕೇಳಿ."

ಅಕ್ಕ ಎನ್ನುವ ಮಾತು ಅವಳ ಬಾಯಿಂದ ಬಿಟ್ಟುಹೋಗಿತ್ತು. ಸರ್ವಮಂಗಳ ಬೀದಿಯ ಮುಖಗಳನ್ನೆಲ್ಲ ಒಮ್ಮೆ ನೋಡಿದಳು. ಆ ನಾಯಿ ಯಾರದೆಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಒಳಗೆ ಹೋದರು.

ಅವಳು ವಾದ ಮಾಡಬಹುದಿತ್ತು. ಆದರೆ ವಾದ ಮುಗಿಯುವ ಹೊತ್ತಿಗೆ ನಾಯಿ ಕುಣಿಗಲ್ ದಾರಿ ಹಿಡಿದಿರುತ್ತದೆ ಎಂದು ಕಾರಿನ ತೆರೆದ ಬಾಗಿಲು ನೋಡಿದಾಗ ಅನ್ನಿಸಿತು. ಅವಳು ಒಳಗಿನಿಂದ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದಳು. ಅದನ್ನು ಬ್ರೂನೋನ ಕತ್ತಿಗೆ ಹಾಕಿ, "ನನ್ನ ನಾಯಿ ಅಂತ್ಲೇ ಬರ್ಕೊಳಿ ಸಾರ್," ಎಂದಳು.

ಇನ್ಸ್‌ಪೆಕ್ಟರ್ ಅವಳಿಗೆ ಎಲ್ಲರೆದುರಿಗೆ ಬುದ್ಧಿ ಹೇಳಿದರು. ನಾಯಿ ಸಾಕಿದ ಮೇಲೆ ಜವಾಬ್ದಾರಿ ಇರಬೇಕು, ಓದು ಬರಹ ಬಲ್ಲವರೇ ಹೀಗೆ ಮಾಡಿದರೆ ಹೇಗೆ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಾಲಿನಿ ಅಷ್ಟರಲ್ಲಿ ಒಳಗೆ ಹೋಗಿದ್ದಳು.

ಸಂಜೆ ಬಂದ ಚನ್ನವೀರಯ್ಯ ಮೆಟ್ಟಿಲ ಕೆಳಗೆ ಕಟ್ಟಿದ್ದ ನಾಯಿಯನ್ನು ನೋಡಿ ಅಲ್ಲೇ ನಿಂತ. "ಅವ್ರ ತಪ್ಪನ್ನ ನಿನ್ ತಲೆ ಮೇಲೆ ಯಾಕೆ ಹಾಕ್ಕೊಂಡೆ?"

"ತಿಪ್ಪಮ್ಮನಿಗೆ ಮಾತು ಕೊಟ್ಟಿದ್ದು ನಾನು ಕಣ್ರೀ. ಮಾಲಿನಿ ಅಲ್ಲ."

ತಿಪ್ಪಮ್ಮ ಇಂಜೆಕ್ಷನ್‌ಗೆ ಬಂದಾಗಲೆಲ್ಲ ಸರ್ವಮಂಗಳ ಜೊತೆಗೆ ಹೋದಳು. ಎರಡನೆಯ ಸಲ ಹೋದಾಗ, ನಾಯಿಗೆ ಲಸಿಕೆ ಆಗಿರಲಿಲ್ಲ ಎಂದು ತಾನಾಗಿ ಹೇಳಿದಳು. ತಿಪ್ಪಮ್ಮ ಸೀರೆ ಸರಿಸಿ ಕಾಲಿನ ಗಾಯ ನೋಡಿಕೊಂಡಳು.

"ನಾನು ಆ ಮನೆಯೋರನ್ನ ನಂಬಿರ್ಲಿಲ್ಲವ್ವ. ನಿಮ್ಮನ್ನ ನಂಬಿದ್ದೆ," ಎಂದಳು ಆಮೇಲೆ.

ಮಾಲಿನಿ ಬೀದಿಯಲ್ಲಿ ಆಡಿದ ಮಾತಿಗಿಂತ ಈ ಮಾತು ಹೆಚ್ಚು ದಿನ ಸರ್ವಮಂಗಳಳನ್ನು ಸುಟ್ಟಿತು.

ಹತ್ತು ದಿನ ಕಳೆಯಿತು. ಬ್ರೂನೋ ಗಟ್ಟಿಯಾಗಿತ್ತು, ಚೆನ್ನಾಗಿ ತಿನ್ನುತ್ತಿತ್ತು. ಪಶು ಆಸ್ಪತ್ರೆಯ ಡಾಕ್ಟರು ನೋಡಿ, ರೋಗದ ಲಕ್ಷಣ ಏನೂ ಇಲ್ಲ ಎಂದು ಹೇಳಿ ಲಸಿಕೆ ಹಾಕಿದರು. ಸರ್ವಮಂಗಳ ಅಲ್ಲಿಂದ ನೇರ ಪಾಲಿಕೆಗೆ ಹೋಗಿ ತನ್ನ ಹೆಸರಿನಲ್ಲೇ ಲೈಸೆನ್ಸ್‌ಗೆ ಅರ್ಜಿ ಕೊಟ್ಟು ಬಂದಳು. ತಿಪ್ಪಮ್ಮನ ಇಂಜೆಕ್ಷನ್‌ಗಳೂ ಸರಿಯಾಗಿ ಮುಗಿದವು, ಗಾಯ ಮಾಯಿತು. ಆದರೆ ಅವಳು ಈಗ ಈ ಬೀದಿಗೆ ಬರುವುದಿಲ್ಲ, ಸೊಪ್ಪು ಮಾರುವುದು ಬಟವಾಡಿ ಕಡೆಗೆ.

ಎಲ್ಲ ತಣ್ಣಗಾದ ಮೇಲೆ ಒಂದು ಭಾನುವಾರ ಮಾಲಿನಿ ಡಬ್ಬಿಯಲ್ಲಿ ಹೋಳಿಗೆ ಹಾಕಿಕೊಂಡು ಬಂದಳು. ಬ್ರೂನೋ ಸರಪಳಿ ಎಳೆದುಕೊಂಡು ಎದ್ದು, ಬಾಲ ಆಡಿಸುತ್ತಾ ಅವಳ ಕೈಯೆಲ್ಲ ನೆಕ್ಕಿತು. ಮೈಯೆಲ್ಲ ಕುಣಿಸಿ ಕುಂಯ್‌ಗುಟ್ಟಿತು. ಸರ್ವಮಂಗಳ ಬಾಗಿಲಿಗೆ ಬಂದು ನಿಂತಳು.

"ನೋಡಿ ಅಕ್ಕ, ಎಷ್ಟು ಮಿಸ್ ಮಾಡ್ಕೊಂಡಿದೆ. ಕರ್ಕೊಂಡು ಹೋಗ್ಲಾ? ಅವತ್ತು ಹೆದರಿಕೆಗೆ ಹಾಗಂದ್ಬಿಟ್ಟೆ. ಇವರ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತೆ ಅಂತ ಅಷ್ಟೇ."

"ನಿಮ್ಮದಲ್ಲ ಅಂದ್ಯಲ್ಲ ಮಾಲಿನಿ."

"ಅಷ್ಟು ಸಿಟ್ಟಾ ನನ್ನ ಮೇಲೆ?"

"ಸಿಟ್ಟಾಗಿದ್ರೆ ಇಷ್ಟು ಹೊತ್ತಿಗೆ ಇಳಿದಿರೋದು. ನೀನು ಇನ್ಮೇಲೆ ಏನು ಹೇಳಿದ್ರೂ ನಂಗೆ ನಿಜಾನೋ ಸುಳ್ಳೋ ಅಂತ ನೋಡ್ಬೇಕಾಗುತ್ತೆ. ಅದು ನನ್ನ ಕೈಲಾಗಲ್ಲ."

ಅವಳು ಡಬ್ಬಿಯನ್ನು ತೆರೆಯದೆ ವಾಪಸು ಕೊಟ್ಟಳು. ಮಾಲಿನಿ ಬ್ಲೌಸ್‌ಗಳನ್ನು ಈಗ ಬೇರೆ ಕಡೆ ಕೊಡುತ್ತಾಳೆ. ಎದುರುಬದುರು ಮನೆಯಾದ್ದರಿಂದ ದಿನಕ್ಕೊಮ್ಮೆಯಾದರೂ ಇಬ್ಬರೂ ಮುಖಾಮುಖಿ ಆಗುತ್ತಾರೆ, ಮಾತಿಲ್ಲ. ಬ್ರೂನೋ ಮಾತ್ರ ಸಂಜೆ ಎದುರುಮನೆಯ ಗೇಟು ತೆರೆದ ಸದ್ದಿಗೆ ಈಗಲೂ ಕಿವಿ ನಿಮಿರಿಸಿ ಎದ್ದು ನಿಲ್ಲುತ್ತದೆ. ಸರ್ವಮಂಗಳ ಅದನ್ನು ಗದರುವುದಿಲ್ಲ. ಅದು ತಾನಾಗಿ ಮತ್ತೆ ಮಲಗುವ ತನಕ ಮೆಷಿನ್ ನಿಲ್ಲಿಸಿ ಕಾಯುತ್ತಾಳೆ.