ತಮ್ಮಣ್ಣನ ಕಣ್ಣೀರು

ಮಗಳ ಮದುವೆಯ ಹಿಂದಿನ ದಿನ ನೆರೆಮನೆಯ ತಮ್ಮಣ್ಣ ನೀಲಿ ಡ್ರಮ್ಮಿನೊಳಗೆ ತಲೆ ಹಾಕಿ ಉಜ್ಜುತ್ತಿದ್ದ. ಕಣ್ಣಲ್ಲಿ ಧಾರಾಕಾರ ನೀರು. ಮಗಳು ಹೋಗುವ ಸಂಕಟ ಎಂದುಕೊಂಡು ಹೆಂಗಸರು ಹೂ ಕಟ್ಟುತ್ತಿದ್ದರು. ನನ್ನ ಮೂಗಿಗೆ ಘಾಟು ಬಡಿಯಿತು. ಪಂಚೆ ಹಿಡಿದು ಅವನನ್ನು ಹೊರಗೆಳೆದೆ.

"ಬುಡಿ ಮೇಷ್ಟ್ರೇ, ನಾಳೆ ಪಾನಕಕ್ಕೆ ತೊಳೀತಾವ್ನಿ. ನಾಲೆ ಪಕ್ಕ ಪುಗಸಟ್ಟೆ ಸಿಕ್ತು!"

ಅದು ತೊಂಬತ್ತರ ದಶಕ. ಅರಕೆರೆ ಕಡೆ ಮುಚ್ಚಿದ ಆಲೆಮನೆಯೊಂದರಲ್ಲಿ ಕದ್ದು ಮತ್ತಿನ ಮಾತ್ರೆ ತಯಾರಿಸುತ್ತಿದ್ದವರನ್ನು ಪೊಲೀಸರು ಆಗಷ್ಟೇ ಹಿಡಿದಿದ್ದರು. ಆ ಕಳ್ಳರು ನಾಲೆ ಬಳಿ ಎಸೆದಿದ್ದ ರಾಸಾಯನಿಕದ ಡ್ರಮ್ಮೇ ಇದೆಂದು ಘಾಟಿನಿಂದಲೇ ನನಗೆ ಹೊಳೆಯಿತು.

"ಎಷ್ಟು ಉಜ್ಜಿದ್ರೂ ಆ ವಿಷ ಹೋಗಲ್ಲ ಕಣ್ಲಾ. ಬೀಗರನ್ನೆಲ್ಲ ಆಸ್ಪತ್ರೆಗೆ ಕಳುಸ್ತೀಯಾ?" ಎಂದು ಗದರಿದೆ. ಅವನ ಕಣ್ಣಿಗೆ, ಕೈಗೆ ಬೋರಿನ ನೀರು ಬಿಟ್ಟು ಚೆನ್ನಾಗಿ ತೊಳೆಸಿ, ಡಾಕ್ಟರ ಬಳಿ ಕರೆದೊಯ್ದೆ. ಡ್ರಮ್ಮನ್ನು ಪೊಲೀಸರು ಒಯ್ದರು. ಪಾನಕಕ್ಕೆ ನಮ್ಮ ಮನೆಯ ಸ್ಟೀಲ್ ಕೊಳಗವೇ ಸಾಕಾಯಿತು.

ಮರುದಿನ ಮಗಳನ್ನು ಕಳಿಸಿಕೊಡುವಾಗ ತಮ್ಮಣ್ಣ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಗಾಬರಿಯಿಂದ ಅವನ ಕೈ ಎಳೆದು ಮೂಸಿದಳು: "ಇನ್ಯಾವ ಡ್ರಮ್ಮಿಗೆ ತಲೆ ಆಕುದ್ರಿ?" ಅಳುತ್ತಿದ್ದ ಮದುಮಗಳು ನಗುತ್ತಲೇ ಕಾರು ಹತ್ತಿದಳು. ಅಂದಿನಿಂದ ನಮ್ಮ ಬೀದಿಗೆ ಹಳೆಯ ಡ್ರಮ್ಮು ಬಂದರೆ, "ಇದರಲ್ಲಿ ಮೊದಲು ಏನಿತ್ತು?" ಎಂದು ಎಲ್ಲರಿಗಿಂತ ಮುಂಚೆ ಕೇಳುವವನು ತಮ್ಮಣ್ಣನೇ.